ಗೋಡೆಗೆ ಮುಖ ಮಾಡುವ ಊರು

ಈ ಊರಿಗೆ ಪಿಎಸ್ಐ ಆಗಿ ಬಂದ ನಾಲ್ಕನೇ ದಿನ, ಬೆಳಿಗ್ಗೆ ಹತ್ತೂವರೆಗೆ, ಮೇಲಿನ ಪೇಟೆಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟ ಬಸ್ಸೊಂದು ಸಂತೆಯ ಕಡೆಗೆ ನುಗ್ಗಿ ಬಂತು. ನಾನು ಸೀಟಿ ಊದಿದೆ, ಕೈ ಬೀಸಿದೆ, ಗಂಟಲು ಹರಿಯುವಂತೆ ಕೂಗಿದೆ. ಒಬ್ಬರೂ ಓಡಲಿಲ್ಲ. ತರಕಾರಿಯವರು ತಕ್ಕಡಿ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಹತ್ತಿರದ ಗೋಡೆಗೆ ಹೋಗಿ ಹಣೆ ಆನಿಸಿ ನಿಂತರು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡವನೊಬ್ಬ ಹೊರಗೆ ಬಂದ, ಹಿಂದೆಯೇ ಕತ್ತಿ ಹಿಡಿದ ಕ್ಷೌರಿಕನೂ ಬಂದ. ಅಂಗಡಿಯೊಳಗೆ ಕನ್ನಡಿ ಇರುವುದರಿಂದ ಅವರು ಹೊರಗಿನ ಗೋಡೆಗೇ ಮುಖ ಮಾಡಬೇಕಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನನಗೆ ಇಡೀ ಊರಿಗೆ ತಲೆ ಕೆಟ್ಟಿದೆ ಅನ್ನಿಸಿತ್ತು.

ನಮ್ಮ ಹೆಡ್ ಕಾನ್‌ಸ್ಟೇಬಲ್ ಇಮಾಮಸಾಬರು ನಿವೃತ್ತಿಗೆ ಎಂಟು ತಿಂಗಳು ಬಾಕಿ ಇದ್ದವರು. ಮೇಲಧಿಕಾರಿ ಎಂಬುದನ್ನೂ ನೋಡದೆ ನನ್ನ ಎರಡೂ ಭುಜ ಹಿಡಿದು ಪಂಚಾಯ್ತಿ ಕಟ್ಟಡದ ಗೋಡೆಗೆ ತಿರುಗಿಸಿದರು. "ಗ್ವಾಡಿಗೆ ಮಾರಿ ಮಾಡ್ರಿ ಮೇಡಮ್ಮಾರ. ಸಿಟ್ಟು ಆಮ್ಯಾಲ ಆಗ್ರಿ" ಎಂದರು. ನನ್ನ ಬೆನ್ನಿಗೆ ಬಿಸಿಗಾಳಿ ತಾಗಿತು. ಇಸ್ತ್ರಿ ಪೆಟ್ಟಿಗೆಯ ವಾಸನೆ ಬಂತು. ಇಷ್ಟೆತ್ತರದ ಏನೋ ಒಂದು ಹಿಂದಿನಿಂದ ಹಾದು ಹೋದಂತಾಗಿ ಕುತ್ತಿಗೆಯ ಕೂದಲು ನಿಮಿರಿತು. ಇಮಾಮಸಾಬರು ನನ್ನ ಭುಜ ಬಿಟ್ಟಾಗ ತಿರುಗಿ ನೋಡಿದೆ. ಬಸ್ಸು ರಸ್ತೆಗೆ ಅಡ್ಡವಾಗಿ, ಬಂದ ದಾರಿಗೇ ಮೂತಿ ಮಾಡಿಕೊಂಡು ನಿಂತಿತ್ತು. ಪ್ರಯಾಣಿಕರು ಒಬ್ಬೊಬ್ಬರೇ ಇಳಿಯುತ್ತಿದ್ದರು. ತರಕಾರಿಯವಳು ಬದನೆಕಾಯಿಯ ಮೇಲಿನ ಧೂಳು ಕೊಡವಿ ಮತ್ತೆ ತಕ್ಕಡಿ ಎತ್ತಿದಳು.

ಠಾಣೆಗೆ ಬಂದು ಮಹಜರು ಬರೆಯಲು ಕೂತಾಗ ನನ್ನ ಕೋಪ ನೆತ್ತಿಗೇರಿತ್ತು. ಬಸ್ಸು ನಿಲ್ಲಿಸಿದ್ದು ಯಾರು ಎಂದು ಕೇಳಿದೆ. ಇಮಾಮಸಾಬರು ಪೆನ್ನಿನ ಮುಚ್ಚಳ ತೆಗೆಯುತ್ತ "ತಾನಾಗೇ ನಿಂತೈತ್ರಿ" ಎಂದರು. ಹಳೆಯ ಕಡತಗಳನ್ನು ತರಿಸಿದೆ. ಬೆಂಕಿಯು ತಾನಾಗಿ ಆರಿರುತ್ತದೆ. ಕುಸಿಯುತ್ತಿದ್ದ ಛಾವಣಿಯು ತಾನಾಗಿ ಮೇಲಕ್ಕೆ ಹೋಗಿರುತ್ತದೆ. ಬಾವಿಗೆ ಬಿದ್ದ ಮಗುವು ತಾನಾಗಿ ದಂಡೆ ಸೇರಿರುತ್ತದೆ. ಕೆಳಗೆ ಪಂಚರ ಸಹಿ: ಸದರಿ ಸಮಯದಲ್ಲಿ ನಾವು ಗೋಡೆಗೆ ಮುಖ ಮಾಡಿದ್ದು, ಏನನ್ನೂ ನೋಡಿರುವುದಿಲ್ಲ. ಇಪ್ಪತ್ತು ವರ್ಷದಿಂದ ಬಂದು ಹೋದ ಪಿಎಸ್ಐಗಳೆಲ್ಲ ಇದನ್ನೇ ಬರೆದಿದ್ದರು. ನಾನೂ ಹಲ್ಲು ಕಚ್ಚಿಕೊಂಡು ಬರೆದೆ.

ದಿನ ಕಳೆದಂತೆ ಊರಿನ ಗೋಡೆಗಳು ಕಣ್ಣಿಗೆ ಬೀಳತೊಡಗಿದವು. ಎಲ್ಲ ಬೀದಿಯಲ್ಲೂ ಹಣೆಯ ಎತ್ತರಕ್ಕೆ ಎಣ್ಣೆಯ ಕಪ್ಪು ಕಲೆಗಳಿದ್ದವು. ದೊಡ್ಡವರದು ಮೇಲೆ, ಮಕ್ಕಳದು ಕೆಳಗೆ. ಹೊಸ ಮನೆ ಕಟ್ಟಿಸುವವರು ಬೀದಿಯ ಕಡೆಗೆ ನಾಲ್ಕಾಳು ನಿಲ್ಲುವಷ್ಟು ಗೋಡೆಯನ್ನು ನುಣ್ಣಗೆ ಗಿಲಾವು ಮಾಡಿಸಿ ಬಿಡುತ್ತಿದ್ದರು. ಜಗಳವಾಡಿ ಮಾತು ಬಿಟ್ಟ ವಾರಗಿತ್ತಿಯರು ಒಂದೇ ಗೋಡೆಗೆ ಪಕ್ಕಪಕ್ಕ ನಿಲ್ಲಬೇಕಾಗಿ ಬಂದು ರಾಜಿಯಾದದ್ದೂ ಉಂಟಂತೆ. ಪಕ್ಕಪಕ್ಕ ನಿಂತ ಹೆಣ್ಣಿಗೂ ಗಂಡಿಗೂ ಅಲ್ಲೇ ಪರಿಚಯವಾಗಿ ಮದುವೆಯಾದವರು ಮೂರು ಜೋಡಿ.

ಇಮಾಮಸಾಬರು ಒಂದು ಮಧ್ಯಾಹ್ನ, ಇನ್ನು ಇವಳಿಗೆ ಹೇಳದಿದ್ದರೆ ಅನಾಹುತ ಮಾಡಿಯಾಳು ಎಂದುಕೊಂಡೋ ಏನೋ, ಬಾಗಿಲು ಮುಂದೆ ಮಾಡಿ ಹೇಳಿದರು. "ಬಸ್ಸು ನಿಲ್ಲಿಸಿದಾಂವನ್ನ ಅಂವ ಅಂತೇವ್ರಿ ನಾವು. ಹೆಣ್ಣಾಗಿದ್ರ ಆಕಿ ಅಂತಿದ್ವಿ. ಅಂವ ಅಂವಾಗಿದ್ದಾಗ ನೋಡಬಾರದು. ನೋಡಿದ್ರ ಗುರ್ತು ಸಿಗ್ತೈತಿ, ಗುರ್ತು ಸಿಕ್ರ ಹೆಸರು ಬಾಯಿಗೆ ಬರ್ತೈತಿ. ಆವಾಗ ಯಾರರ ಅವನ ಸ್ವಂತ ಹೆಸರು ಕರದ್ರ, ಅಲ್ಲೇ ಬರೇ ಮನುಷ್ಯಾ ಆಗಿಬಿಡ್ತಾನ. ಮತ್ತೆಂದೂ ಅಂವ ಆಗೂದಿಲ್ಲ."

"ಆಮೇಲೆ?"

"ಆಮ್ಯಾಲ ಇನ್ನ್ಯಾರಿಗರ ಬರೂತನಕ ಊರು ಕಾಯವರಿಲ್ಲ."

ಹಾಗೆ ಒಮ್ಮೆ ಆಗಿತ್ತು. ಈಗಿನವನಿಗಿಂತ ಮುಂಚೆ ಇದ್ದವಳು ಕಸ್ತೂರಿ ಎಂಬ ಹುಡುಗಿ. ಅವಳು ಬಾವಿಯಿಂದ ಮಗುವನ್ನು ಎತ್ತಿದ ದಿನ, ಕಸ್ತೂರಿಯ ಹೆತ್ತ ತಾಯಿ ಬಾಳವ್ವನೇ ಹೆದರಿ ಮಗಳ ಹೆಸರು ಕೂಗಿದಳಂತೆ. ಕಸ್ತೂರಿ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಮುಂದಿನ ಮೂರು ವರ್ಷ ಈ ಶಕ್ತಿ ಯಾರಿಗೂ ಬರಲಿಲ್ಲ. ಆ ಮೂರು ವರ್ಷದಲ್ಲಿ ಹನ್ನೊಂದು ಜನ ಸತ್ತರು. ಬಾಳವ್ವನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವಳು ಅಂಗಡಿಗೆ ಬಂದರೆ ಕೇಳಿದ್ದನ್ನು ಕೊಟ್ಟು ಸುಮ್ಮನಾಗುತ್ತಿದ್ದರು, ಅಷ್ಟೇ. ಹದಿನಾಲ್ಕು ವರ್ಷದಿಂದ ಹಾಗೇ ನಡೆದಿತ್ತು.

ಚಂದ್ರಾಮ ನನ್ನ ಬದುಕಿಗೆ ಬಂದದ್ದು ಒಂದು ಎಮ್ಮೆಯಿಂದ. ಅಣ್ಣತಮ್ಮಂದಿರು ನನ್ನದು ತನ್ನದು ಎಂದು ಹೊಡೆದಾಡಿಕೊಂಡ ಎಮ್ಮೆಯನ್ನು ನ್ಯಾಯಾಲಯದ ತೀರ್ಪು ಬರುವವರೆಗೆ ಠಾಣೆಯ ಹಿತ್ತಲಲ್ಲಿ ಕಟ್ಟಿಹಾಕಿದ್ದೆವು. ಬಂದ ವಾರಕ್ಕೇ ಅದು ಮೇವು ಬಿಟ್ಟಿತು. ದನದ ದವಾಖಾನೆಗೆ ಹೇಳಿ ಕಳಿಸಿದಾಗ ಡಾಕ್ಟರು ರಜೆಯಲ್ಲಿದ್ದಾರೆಂದು ಕಂಪೌಂಡರು ಚಂದ್ರಾಮ ಬಂದ. ಮೂವತ್ತೈದರ ಆಸುಪಾಸು, ಸಣಕಲು ಮೈ, ಸ್ವಲ್ಪ ದೊಡ್ಡ ಕಿವಿ, ಅಂಗಿಯ ತುಂಬ ಅಯೋಡಿನ್ ಕಲೆ. ನನಗೆ ನಮಸ್ಕಾರ ಹೇಳುವಾಗ ಆತ ನೆಲ ನೋಡುತ್ತಿದ್ದ. ಎಮ್ಮೆಯ ಮುಂದೆ ಮಾತ್ರ ಮಾತಿಗೆ ಬರವಿರಲಿಲ್ಲ. "ಏನ್ರಿ ಅಕ್ಕಾರ, ಪೊಲೀಸರ ಮನಿ ಊಟ ಸೇರವಲ್ದೇನು? ನಾಲಿಗಿ ತೋರಸ್ರಿ, ಹಾಂ, ಶಾಣ್ಯಾರು" ಎನ್ನುತ್ತ ಅದರ ಗಂಟಲಿಗೆ ಔಷಧದ ನಳಿಕೆ ಇಳಿಸಿಬಿಟ್ಟ. ಕಳ್ಳರ ಬಾಯಿ ಬಿಡಿಸುವ ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಎಮ್ಮೆ ಐದು ದಿನಕ್ಕೆ ವಾಸಿಯಾಯಿತು. ಕಂಪೌಂಡರು ಬರುವುದು ನಿಲ್ಲಲಿಲ್ಲ. ಒಂದು ದಿನ ಕಿವಿಯ ಉಣ್ಣೆ ನೋಡಬೇಕು, ಇನ್ನೊಂದು ದಿನ ಗೊರಸು ನೋಡಬೇಕು. ಬರುವಾಗ ಜೇಬಿನಲ್ಲಿ ಪೇರಲ ಹಣ್ಣು ಇರುತ್ತಿತ್ತು. ಒಂದು ಎಮ್ಮೆಗೆ, ಒಂದು ನನಗೆ. ನನ್ನದು ಮೂಗಿನ ತುದಿಯಲ್ಲೇ ಕೋಪ ಎಂದು ತವರಿನಲ್ಲಿ ಹೆಸರುವಾಸಿ. ಮೂವತ್ತೊಂದಕ್ಕೂ ಮದುವೆಯಾಗಿಲ್ಲದ್ದಕ್ಕೆ ಅದೇ ಕಾರಣ ಎಂದು ಅಮ್ಮನ ಅಂಬೋಣ. ಆತ ಹಿತ್ತಲಲ್ಲಿ ಇರುವಷ್ಟು ಹೊತ್ತು ನಾನು ಯಾರನ್ನೂ ಗದರುತ್ತಿರಲಿಲ್ಲ ಎಂದು ಇಮಾಮಸಾಬರು ಲೆಕ್ಕ ಹಾಕಿದ್ದರು. ನಮ್ಮ ಕಾನ್‌ಸ್ಟೇಬಲ್‌ಗಳು ಅದೇ ಹೊತ್ತು ನೋಡಿ ರಜೆ ಕೇಳುತ್ತಿದ್ದರಂತೆ.

ಒಂದೇ ಒಂದು ವಿಷಯಕ್ಕೆ ನನಗೆ ಆತನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲಿ ಏನೇ ಅವಘಡವಾಗಲಿ, ಮೊದಲು ಮಾಯವಾಗುವವನು ಇವನೇ. ಚೌಕದಲ್ಲಿ ವಿದ್ಯುತ್ ಕಂಬ ವಾಲಿದಾಗ ನನ್ನ ಜೊತೆಗೇ ನಿಂತು ಕಬ್ಬಿನ ಹಾಲು ಕುಡಿಯುತ್ತಿದ್ದ. ತಿರುಗಿ ನೋಡಿದರೆ ಲೋಟ ಮಾತ್ರ ಇತ್ತು. ಕೆರೆ ಏರಿಯ ಮೇಲೆ ಟ್ರಾಕ್ಟರು ಜಾರಿದಾಗಲೂ ಅದೇ ಕಥೆ. ಎರಡನೇ ಸಲ ನಾನು ಬಿಡಲಿಲ್ಲ, ಮರುದಿನ ಚೌಕದಲ್ಲಿ ಹಿಡಿದು ನಿಲ್ಲಿಸಿದೆ. "ನಿಮಗೆ ನಾಚಿಕೆ ಆಗಲ್ವಾ? ಗೋಡೆಗಾದ್ರೂ ನಿಲ್ಲಬಾರದಾ? ಹೆಂಗಸರು ಮಕ್ಕಳು ಎಲ್ಲ ನಿಂತಿರ್ತಾರೆ" ಎಂದು ಕೂಗಾಡಿದೆ.

"ಅಂಜಿಕಿ ಬರ್ತೈತ್ರಿ ಮೇಡಮ್ಮಾರ" ಎಂದು ಆತ ನೆಲ ನೋಡಿದ. ಪಕ್ಕದಲ್ಲಿದ್ದ ಕಬ್ಬಿನ ಹಾಲಿನವನು ನನ್ನನ್ನು ವಿಚಿತ್ರವಾಗಿ ನೋಡಿ, ಬಾಯಿಗೆ ಟವೆಲು ಅಡ್ಡ ಇಟ್ಟುಕೊಂಡು ಒಳಗೆ ಹೋದ.

ಚಿಕ್ಕಂದಿನಲ್ಲಿ ನಾನು ಚಿತ್ರಕಥೆಯ ಪುಸ್ತಕಗಳಿಗೆ ಬಿದ್ದು ಸಾಯುತ್ತಿದ್ದೆ. ಮುಖವಾಡದ ವೀರ, ಅವನನ್ನು ಪ್ರೀತಿಸುವ ಒಬ್ಬ ಪೊಲೀಸಿನವಳು. ಪುಸ್ತಕ ಓದುವ ಎಲ್ಲರಿಗೂ ಗೊತ್ತಿರುವ ಸಂಗತಿ ಅವಳೊಬ್ಬಳಿಗೆ ಮಾತ್ರ ಕೊನೆಯ ಪುಟದವರೆಗೂ ಗೊತ್ತಾಗುತ್ತಿರಲಿಲ್ಲ. ಇಂಥವಳಿಗೆ ಖಾಕಿ ಕೊಟ್ಟವರು ಯಾರಪ್ಪಾ ಎಂದು ನಗುತ್ತಿದ್ದೆ. ಆ ಹೆಣ್ಣಿನ ಶಾಪವೇ ನನಗೆ ತಟ್ಟಿರಬೇಕು.

ಬೇಸಿಗೆಯಲ್ಲಿ ಹತ್ತಿ ಮಿಲ್ಲಿಗೆ ಬೆಂಕಿ ಬಿತ್ತು. ಒಳಗೆ ನಲವತ್ತು ಹೆಂಗಸರಿದ್ದರು. ನಾವು ಗೋಡೆಗೆ ನಿಂತಿದ್ದು ಹತ್ತು ನಿಮಿಷ ಇರಬಹುದು. ತಿರುಗಿದಾಗ ನಲವತ್ತೂ ಜನ ಬೇವಿನ ಮರದ ಕೆಳಗೆ ಕೆಮ್ಮುತ್ತ ಕೂತಿದ್ದರು. ಮರುದಿನ ಚಂದ್ರಾಮ ಎಮ್ಮೆ ನೋಡಲು ಬಂದ, ಎರಡೂ ಕೈ ಬೆನ್ನ ಹಿಂದೆ. ಪೇರಲ ಹಣ್ಣು ಎಲ್ಲಿ ಎಂದೆ. ಮರೆತೆ ಎಂದ. ಕೈ ತೋರಿಸಿ ಎಂದೆ. ತೋರಿಸಲಿಲ್ಲ. ನಾನು ಅವನ ಹಿಂದೆ ಹೋಗಿ ನೋಡಿದೆ. ಎರಡೂ ಅಂಗೈ ಸುಲಿದು ಹೋಗಿದ್ದವು. ದನಕ್ಕೆ ಹಚ್ಚುವ ಮುಲಾಮನ್ನೇ ಮೆತ್ತಿಕೊಂಡಿದ್ದ.

"ಹಾಲು ಉಕ್ಕಾಕತ್ತಿತ್ರಿ. ಪಾತ್ರಿ ಇಳಸಾಕ ಹೋಗಿ..."

"ಎರಡೂ ಅಂಗೈಲಿ ಇಳಿಸಿದ್ರಾ?"

ನನಗೆ ಎಲ್ಲ ತಿಳಿದುಹೋಯಿತು. ಕಬ್ಬಿನ ಹಾಲಿನವನು ಯಾಕೆ ನಕ್ಕ, ಇಮಾಮಸಾಬರು ಈತ ಬಂದಾಗಲೆಲ್ಲ ಯಾಕೆ ಎದ್ದು ಕುರ್ಚಿ ಕೊಡುತ್ತಿದ್ದರು, ಎಲ್ಲವೂ ತಿಳಿಯಿತು. ಊರಿಗೇ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದನ್ನು ಊರಿಗೆ ಊರೇ ಕಲಿತಿತ್ತು. ನಾಚಿಕೆಯಾಗಲ್ವಾ ಎಂದು ಕೂಗಾಡಿದ್ದು ನೆನಪಾಯಿತು. ನಾನು ಒಳಗಿನಿಂದ ಬಟ್ಟೆ, ತಣ್ಣೀರು ತಂದು, ಎಮ್ಮೆಯ ಗೋದಲಿಯ ಕಟ್ಟೆಯ ಮೇಲೆ ಅವನನ್ನು ಕೂರಿಸಿ, ಕೈ ತೊಳೆದು ಪಟ್ಟಿ ಕಟ್ಟಿದೆ. ಕಟ್ಟುವಾಗ ನನ್ನ ಕಣ್ಣಿನಿಂದ ನೀರು ಇಳಿಯಿತು. ಆತ ಅದನ್ನು ನೋಡಿ "ಎಮ್ಮಿ ಮುಂದ ಅಳಬ್ಯಾಡ್ರಿ, ಹಾಲು ಕಮ್ಮಿ ಮಾಡ್ತಾವು" ಎಂದ. ನಾನು ಅಳುತ್ತಲೇ ನಕ್ಕೆ. ನಾವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದೇವೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಮದುವೆಯ ಮಾತನ್ನು ನಾನೇ ಎತ್ತಿದೆ. ಆತ ಒಪ್ಪಲಿಲ್ಲ. "ಒಬ್ಬಂವ ಇದ್ದಾನ ಅಂತ ತಿಳೀರಿ" ಎಂದು ಬೇರೆ ಯಾರದೋ ಸುದ್ದಿ ಹೇಳುವವನಂತೆ ಶುರುಮಾಡಿದ. "ಅವಂಗ ಕೆಲಸ ಮಾಡೂದು ತ್ರಾಸ ಇಲ್ಲ. ಹೊಳ್ಳಿ ಬರೂದ ತ್ರಾಸ. ಮೊದಮೊದಲು ಕಣ್ಣು ಮುಚ್ಚಿ ತೆರಿಯೂದ್ರಾಗ ಬರ್ತಿದ್ದ. ಈಗ ಮನಿ ಯಾವ್ದು, ತಾ ಯಾರು ಅಂತ ನೆನಪಾಗಾಕ ತಾಸಗಟ್ಲೆ ಬೇಕಾಗತೈತಿ. ಹತ್ತಿ ಮಿಲ್ಲಿನ ದಿನ ಸಂಜಿತನಕ ನೆನಪಾಗಿರಲಿಲ್ಲ ಅಂತ. ಅಂಥವನ್ನ ಕಟ್ಟಿಕೊಂಡು ಯಾರರ ಏನ್ಮಾಡ್ತಾರ್ರಿ?"

"ಕಾಯ್ತಾರೆ" ಎಂದೆ ನಾನು.

ಆತ ಎಮ್ಮೆಯ ಬೆನ್ನು ಸವರಿದ. ನನಗೆ ಆವತ್ತಿನಿಂದ ನಿದ್ದೆ ಹಾರಿಹೋಯಿತು. ಯಾವ ಸಲ ಹೋದವನು ಮರಳಿ ಬರುವುದೇ ಇಲ್ಲವೋ ಎಂಬ ಹೆದರಿಕೆ ಊಟ ಮಾಡುವಾಗ, ಕಡತ ನೋಡುವಾಗ, ಯಾವಾಗಲೂ ಎದೆಯ ಮೇಲೆ ಕೂತಿರುತ್ತಿತ್ತು.

ಪೊಲೀಸಿನವಳಿಗೆ ಕೈಕಾಲು ಆಡದಿದ್ದರೆ ಯಾರದಾದರೂ ಹೇಳಿಕೆ ತೆಗೆದುಕೊಳ್ಳಬೇಕು ಅನ್ನಿಸುತ್ತದೆ. ನಾನು ಬಾಳವ್ವನ ಮನೆಗೆ ಹೋದೆ. ಕಸ್ತೂರಿ ಒಂದು ಕಾಲು ಎಳೆಯುತ್ತ ಬಂದು ಚಾಪೆ ಹಾಸಿ, ರೊಟ್ಟಿ ಬಡಿಯಲು ಒಳಗೆ ಹೋದಳು. ಅವಳ ಎರಡು ಹೆಣ್ಣುಮಕ್ಕಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದವು. ನಾನು ಸುತ್ತು ಬಳಸದೆ, ಯಾಕೆ ಕೂಗಿದಿರಿ ಎಂದು ಕೇಳಿದೆ. ಬಾಳವ್ವ ನನ್ನ ಹತ್ತಿರಕ್ಕೆ ಸರಿದು ಕೂತಳು. ಹದಿನಾಲ್ಕು ವರ್ಷದಲ್ಲಿ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ.

"ಅಂಜಿ ಕೂಗಿದೆ ಅಂತಾರಲ್ಲ ಯವ್ವಾ, ಎಲ್ಲಾರೂ ಗ್ವಾಡಿ ನೋಡಾಕತ್ತಿದ್ರು, ಅವರಿಗೇನ ಗೊತ್ತು? ಹೆತ್ತಾಕಿ ನಾ, ನಾ ಹೊಳ್ಳಿ ನೋಡಿದೆ. ಕೂಸು ದಂಡಿಗೆ ಬಂದಿತ್ತು. ಕೆಲಸ ಮುಗದಿತ್ತು. ಆದ್ರ ಈಕಿ ಇಳೀಲಿಲ್ಲ. ಮ್ಯಾಲ ಮ್ಯಾಲ ಹೊಂಟ್ಲು. ಮಾರಿ ನೋಡಿದೆ, ನನ್ನ ಮಗಳ ಮಾರಿ ಅಲ್ಲಿರಲಿಲ್ಲ, ಸವದ ಹೋಗಿತ್ತು. ಇನ್ನೊಂದು ಗಳಿಗಿ ಬಿಟ್ಟಿದ್ರ ಆಕಿ ಬರ್ತಿದ್ದಿಲ್ಲ. ಅದಕ್ಕ ಕರದೆ. ಹೆಸರು ಕೇಳಿ ಹೊಳ್ಳಿ ನೋಡಿದ್ಲು, ಬಿದ್ಲು."

"ಇದನ್ನ ಯಾಕೆ ಯಾರಿಗೂ ಹೇಳಲಿಲ್ಲ?"

"ಹನ್ನೊಂದು ಮನ್ಯಾಗ ಹೆಣ ಬಿದ್ದುವು. ಅವರ ಮುಂದ ಹೋಗಿ, ನನ್ನ ಮಗಳನ್ನ ನಾ ಉಳಿಸಿಕೊಂಡೆ ಅಂತ ಹೇಳ್ಲೇನು?" ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಬಾಳವ್ವ ಅದನ್ನು ಕೇಳುತ್ತ ಕೂತಳು. ಆಮೇಲೆ ನಾನು ಕೇಳದಿದ್ದರೂ "ಮತ್ತ ಹಂಗಾದ್ರ ಈಗ್ಲೂ ಕರೀತೇನಿ" ಎಂದಳು.

ಆಷಾಢದ ಒಂದು ಮಂಗಳವಾರ, ಸಂತೆ ಕಿಕ್ಕಿರಿದ ಹೊತ್ತಿನಲ್ಲಿ, ಊರ ನಡುವಿನ ನೀರಿನ ದೊಡ್ಡ ಟ್ಯಾಂಕು ಕಂಬಗಳ ಮೇಲಿಂದ ವಾಲಿತು. ಪಕ್ಕದಲ್ಲೇ ಹೆಣ್ಣುಮಕ್ಕಳ ಶಾಲೆ. ಇಡೀ ಸಂತೆ ಗೋಡೆಗಳಿಗೆ ತಿರುಗಿತು. ನಾನು ಮಾತ್ರ ತಿರುಗಲಿಲ್ಲ. ಶಾಲೆಯ ಒಳಗೆ ಓಡಿ, ತಲೆ ತಗ್ಗಿಸಿಕೊಂಡ ಮಕ್ಕಳನ್ನು ಒಬ್ಬರ ಕೈ ಒಬ್ಬರಿಗೆ ಹಿಡಿಸಿ ಹೊರಗೆ ಸಾಗಿಸಿದೆ. ಹಾಗೆ ಸಾಗಿಸುವಾಗ ಮೊದಲ ಸಲ ಅವನನ್ನು ನೋಡಿದೆ. ಬೂದಿಯ ಬಣ್ಣ, ತೆಂಗಿನ ಮರದೆತ್ತರ. ಹೆಗಲ ಮೇಲೆ ಟ್ಯಾಂಕು ಹೊತ್ತು ನಿಂತಿದ್ದ. ಅಷ್ಟು ದೊಡ್ಡ ದೇಹದಲ್ಲೂ ಕಿವಿ ಸ್ವಲ್ಪ ದೊಡ್ಡದೇ ಇತ್ತು. ನನ್ನ ಚಂದ್ರಾಮ.

ಕೊನೆಯ ಮಗು ಹೊರಗೆ ಬಂದ ಮೇಲೆ ಅವನು ಟ್ಯಾಂಕನ್ನು ಖಾಲಿ ಮೈದಾನದಲ್ಲಿ ಹಗುರವಾಗಿ ಇಳಿಸಿದ. ನೀರು ಹುಲ್ಲಿನ ಮೇಲೆ ಹರಿಯಿತು. ಕೆಲಸ ಮುಗಿಯಿತು. ನಾನು ಕಾದೆ. ಅವನು ಚಿಕ್ಕವನಾಗಲಿಲ್ಲ. ಕಾಲು ನೆಲದಿಂದ ಬಿಟ್ಟಿತು. ಟ್ಯಾಂಕಿನ ಕಂಬದಷ್ಟು ಮೇಲೆ ಹೋದ, ಮೈದಾನದಂಚಿನ ಬೇವಿನ ಮರಕ್ಕಿಂತ ಮೇಲೆ ಹೋದ. ನಾನು ಕೆಳಗೇ ಓಡಿದೆ. ಮುಖ ನೋಡಿದೆ. ಕಣ್ಣು ಇದ್ದವು, ಆದರೆ ಆ ಕಣ್ಣಿಗೆ ನಾನು ಯಾರೂ ಅಲ್ಲ. ಮೂಗು, ಬಾಯಿ ಒಂದೊಂದೇ ಅಳಿಸುತ್ತ ಬಂದವು.

ಸುತ್ತ ಸಾವಿರ ಜನರ ಬೆನ್ನು ಇತ್ತು. ಈ ಬೆನ್ನುಗಳನ್ನು ಕಾಯುತ್ತೇನೆ ಎಂದು ಪ್ರಮಾಣ ಮಾಡಿ ಈ ಖಾಕಿ ಹಾಕಿಕೊಂಡವಳು ನಾನು. ನಾನು ಕರೆದರೆ ಇವರಿಗೆ ನಾಳೆಯಿಂದ ಯಾರೂ ಇಲ್ಲ. ಯಾರದೋ ಮನೆಯಲ್ಲಿ ಹೆಣ ಬೀಳುತ್ತದೆ, ಅದು ಖಂಡಿತ. ಇಷ್ಟನ್ನೂ ನಾನು ಯೋಚಿಸಿದೆ. ಗೊತ್ತಿಲ್ಲದೆ ಬಾಯಿಂದ ಬಂತು ಎಂದು ನಾನು ಯಾವತ್ತೂ ಹೇಳುವುದಿಲ್ಲ. ಗೊತ್ತಿದ್ದೇ, ಪೂರ್ತಿ ಗಂಟಲಿನಿಂದ, "ಚಂದ್ರಾಮ" ಎಂದು ಕರೆದೆ.

ಅವನು ತಿರುಗಿ ನೋಡಿದ. ಮುಖ ಮರಳಿ ಬಂತು, ಮೈ ಮನುಷ್ಯನಷ್ಟಾಯಿತು. ಮೊದಲು ಕಣ್ಣಿಗೆ ನಾನು ಗೊತ್ತಾದೆ, ಆಮೇಲೆ ಎತ್ತರ ಗೊತ್ತಾಯಿತು. "ಎವ್ವಾ" ಎಂದು ಕಿರುಚಿಕೊಂಡು ಬೇವಿನ ಕೊಂಬೆಗಳ ನಡುವೆ ಬಿದ್ದು, ಅಲ್ಲಿಂದ ಕೆಸರಿಗೆ ಬಿದ್ದ. ಭುಜದ ಎಲುಬು, ಎರಡು ಪಕ್ಕೆಲುಬು ಮುರಿದವು. ನಾನು ಕೆಸರಿನಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಜನ ಒಬ್ಬೊಬ್ಬರಾಗಿ ಗೋಡೆಯಿಂದ ತಿರುಗಿದರು. ಎಲ್ಲರ ಹಣೆಗೂ ಸುಣ್ಣ ಅಂಟಿತ್ತು. ಇಮಾಮಸಾಬರು ಬಂದು ತಮ್ಮ ಟೋಪಿ ತೆಗೆದು ಅವನ ಮುಖಕ್ಕೆ ನೆರಳು ಹಿಡಿದರು.

ಭುಜ ಕೂಡಿಕೊಂಡ ಮೇಲೆ ನಾವು ಮದುವೆಯಾದೆವು. ಬಂದವರು ಹತ್ತಾರು ಜನ. ಬಾಳವ್ವ ಮಗಳು ಮೊಮ್ಮಕ್ಕಳ ಜೊತೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಅಂಗಡಿಗೆ ಹೋದರೆ ನನಗೂ ಈಗ ಕೇಳಿದ್ದನ್ನು ಕೊಟ್ಟು ಸುಮ್ಮನಾಗುತ್ತಿದ್ದರು. ನಾನು ಬೀದಿಬೀದಿಗೆ ಮರಳಿನ ಬಕೆಟು ಇಡಿಸಿದೆ, ಏಣಿ ತರಿಸಿದೆ, ವಾರಕ್ಕೊಮ್ಮೆ ಮೈದಾನದಲ್ಲಿ ಎಲ್ಲರಿಗೂ ಹಗ್ಗ ಎಸೆಯುವುದನ್ನು ಕಲಿಸಲು ಶುರುಮಾಡಿದೆ. ಬರುವವರು ಕಡಿಮೆ, ಆದರೂ ಬಂದರು. ಚಂದ್ರಾಮ ಎಲ್ಲರಿಗಿಂತ ಕೆಟ್ಟದಾಗಿ ಎಸೆಯುತ್ತಿದ್ದ.

ನಾಲ್ಕನೇ ತಿಂಗಳಿಗೆ ನಾನು ಹೆದರುತ್ತಿದ್ದದ್ದು ಆಯಿತು. ಹೊಸ ಟ್ಯಾಂಕಿನ ಕೆಲಸಕ್ಕೆ ಹತ್ತಿದ್ದ ದುರಗಪ್ಪ ಎಂಬಾತ ಹಲಗೆ ಜಾರಿ, ಒಂದು ಕೈಯಲ್ಲಿ ಕಂಬಿ ಹಿಡಿದು ನೇತಾಡಿದ. ಕೆಳಗಿದ್ದವರು ರೂಢಿಯಂತೆ ಗೋಡೆಗೆ ತಿರುಗಿಬಿಟ್ಟರು. ತಿರುಗಿ, ಕಾದರು. ಬಿಸಿಗಾಳಿ ಬರಲಿಲ್ಲ. ನೆನಪಾಗಿ ಅವರು ಏಣಿಗೆ ಓಡುವಷ್ಟರಲ್ಲಿ, ನಾನು ಠಾಣೆಯಿಂದ ಬರುವಷ್ಟರಲ್ಲಿ, ದುರಗಪ್ಪನ ಕೈ ಸೋತಿತ್ತು. ಅವನ ಹೆಂಡತಿ ಸತ್ಯವ್ವ ಅಲ್ಲೇ ಕಲ್ಲು ಹೊರುತ್ತಿದ್ದಳು. ಆಕೆ ಗೋಡೆಗೆ ತಿರುಗಿರಲಿಲ್ಲ.

ಅಂತ್ಯಕ್ರಿಯೆಗೆ ಚಂದ್ರಾಮ ಹೋಗಿ, ಎಲ್ಲರಿಗಿಂತ ಹಿಂದೆ ನಿಂತು ಬಂದ. ಬಂದವನು ಊಟ ಬಿಟ್ಟ. "ನಾ ಇರಬೇಕಿತ್ತು" ಎಂದು ಒಂದೇ ಸಲ ಹೇಳಿದ. ಅದಕ್ಕೆ ಉತ್ತರ ಹೇಳುವ ಬಾಯಿ ನನ್ನದಾಗಿರಲಿಲ್ಲ. ಆದರೂ ರಾತ್ರಿ ಪಕ್ಕದಲ್ಲಿ ಅವನ ಉಸಿರು ಕೇಳಿದಾಗ ನನಗೆ ಸಮಾಧಾನವಾಗುತ್ತಿತ್ತು. ಹಾಗೆ ಸಮಾಧಾನವಾಗುತ್ತದಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವೂ ಆಗುತ್ತಿತ್ತು.

ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ಸತ್ಯವ್ವ ನಮ್ಮ ಮನೆಯ ಬಾಗಿಲಿಗೆ ಬಂದಳು. ನಾನು ಠಾಣೆಗೆ ಹೊರಡಲು ಬೆಲ್ಟು ಹಾಕಿಕೊಳ್ಳುತ್ತಿದ್ದೆ. ಅವಳ ಬೋಳು ಹಣೆ ನೋಡಿ ಬೆಲ್ಟು ಕೈಯಲ್ಲೇ ಉಳಿಯಿತು. ಬೈಯಲಿ, ಉಗಿಯಲಿ, ಕಾಲಿನದು ತೆಗೆದು ಹೊಡೆಯಲಿ, ಸುಮ್ಮನೆ ನಿಲ್ಲಬೇಕು ಎಂದುಕೊಂಡೆ. ಒಳಗೆ ಬಾ ಎಂದರೆ ಬರಲಿಲ್ಲ.

"ನಿಮ್ಮವರನ್ನ ಕರೀರಿ" ಎಂದಳು.

ನಾನು ಹಿತ್ತಲ ಕಡೆ ನೋಡಿ, ಬರುತ್ತಾರೆ ಎಂದೆ.

"ಹಂಗಲ್ಲ. ಹೆಸರು ಹಿಡದು ಕರೀರಿ. ಆವತ್ತ ಕರದಂಗ ಕರೀರಿ. ನಾ ಕೇಳಬೇಕು."

ಬಾಗಿಲ ಚೌಕಟ್ಟು ಹಿಡಿದುಕೊಂಡು, ಇದ್ದಷ್ಟು ಶಕ್ತಿ ಕೂಡಿಸಿ "ಚಂದ್ರಾಮ" ಎಂದು ಕರೆದೆ. ಹಿತ್ತಲಿನಲ್ಲಿ ಬಕೆಟು ಕೆಳಗಿಟ್ಟ ಸದ್ದಾಯಿತು. ಒದ್ದೆ ಕೈಯಲ್ಲಿ, ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು ಅವನು ಬಂದ. ಸತ್ಯವ್ವನನ್ನು ನೋಡಿ ಅಲ್ಲೇ ನಿಂತುಬಿಟ್ಟ, ನೆಲ ನೋಡಿದ.

ಸತ್ಯವ್ವ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಾನೂ ಕರದೆ ಮೇಡಮ್ಮಾರ" ಎಂದಳು. "ಕೈ ಬಿಟ್ಟಾಗ ಹಿಂಗ, ಇಷ್ಟ ಜೋರಾಗಿ ಕರದೆ. ನಮ್ಮಂವ ಹೊಳ್ಳಿ ನೋಡಲಿಲ್ಲ. ನಿಮ್ಮಂವ ನೋಡಿದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಕರಿಯಾಕ ಬೇಕ್ರಿ. ಯಾರಿದ್ರೂ ಕರೀತಾರ."

ನಾನು ಹೊಸ್ತಿಲ ಮೇಲೆ ಕೂತೆ. ಸತ್ಯವ್ವ ನನ್ನನ್ನು ದಾಟಿ ಚಂದ್ರಾಮನನ್ನು ಮಾತಾಡಿಸಿದಳು. "ಅವರು ಹ್ವಾದಾಗಿಂದ ಮನ್ಯಾಗಿನ ಎಮ್ಮಿ ಮೇವು ಮುಟ್ಟವಲ್ದಪಾ. ನೀ ಬಂದು ನೋಡ್ತಿ?"

ಚಂದ್ರಾಮ ಪ್ಯಾಂಟಿನ ಮಡಿಕೆಯನ್ನೂ ಬಿಚ್ಚದೆ ಚೀಲ ತೆಗೆದುಕೊಂಡ. ಅವಳು ಮುಂದೆ, ಸೈಕಲ್ಲು ತಳ್ಳಿಕೊಂಡು ಅವನು ಹಿಂದೆ ಹೋದರು. ತಿರುವಿನವರೆಗೂ ಅವನ ಧ್ವನಿ ಕೇಳುತ್ತಿತ್ತು: ಎಮ್ಮೆಯ ಹೆಸರೇನು ಎಂದು ಅವಳನ್ನು ಕೇಳುತ್ತಿದ್ದ.